ಕೊನೆ ಮಾತ್ರ ನೋಡಿದವಳು

ಸಿನಿಮಾದಲ್ಲಿ ತಪ್ಪು ಹುಡುಕುವ ಚಟ ನನಗೆ ಅವ್ವನಿಂದ ಬಂದದ್ದು. ಧಾರವಾಡದ ಟಾಕೀಜಿನ ಬಾಲ್ಕನಿಯಲ್ಲಿ ಕೂತು, ಪರದೆಯ ಮೇಲೆ ನಾಯಕಿ ಬಿಕ್ಕಿಬಿಕ್ಕಿ ಅಳುತ್ತಿರುವಾಗ, ಅವ್ವ ಅಕ್ಕಪಕ್ಕದವರಿಗೆಲ್ಲ ಕೇಳುವಂತೆ, "ಅಲ್ಲ, ಈಗಿನ್ನ ಆಕಿ ನತ್ತು ಬಲಕ್ಕಿತ್ತಲ್ಲ, ಎಡಕ್ಕ ಹ್ಯಾಂಗ ಬಂತು?" ಎನ್ನುತ್ತಿದ್ದಳು. ಹಿಂದಿನ ಸಾಲಿನಿಂದ ಯಾರಾದರೂ "ಸುಮ್ನ ಕೂಡ್ರಿ ಬಾಯಾರ" ಅನ್ನುವವರೆಗೂ ಬಿಡುತ್ತಿರಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು. ಆದರೂ ಮುಂದಿನ ದೃಶ್ಯದಲ್ಲಿ ನಾನೂ ನಾಯಕಿಯ ಮೂಗನ್ನೇ ನೋಡುತ್ತಿದ್ದೆ.

ಮುಂದೆ ಆ ಚಟವೇ ಹೊಟ್ಟೆಪಾಡೂ ಆಯಿತು. ಪುಣೆಯ ಹಿಂಜವಡಿಯ ಒಂದು ಕಂಪನಿಯಲ್ಲಿ, ಯಂತ್ರಗಳ ಜೊತೆ ಕೊಡುವ ಕೈಪಿಡಿಗಳನ್ನು ಅಚ್ಚಿಗೆ ಹೋಗುವ ಮೊದಲು ಓದಿ ತಿದ್ದುವುದು ನನ್ನ ಕೆಲಸ. ಚಿತ್ರದಲ್ಲಿ ಬಲಕ್ಕಿರುವ ಗುಂಡಿ ಬರಹದಲ್ಲಿ ಎಡಕ್ಕಿದ್ದರೆ, ನಾಲ್ಕನೆಯ ಹಂತದಲ್ಲಿ ಬಿಚ್ಚಿದ ತಿರುಪನ್ನು ಕೊನೆಯವರೆಗೂ ಯಾರೂ ವಾಪಸು ಹಾಕದಿದ್ದರೆ, ಅದನ್ನು ಹಿಡಿಯುವವಳು ನಾನು. ಅವ್ವ ಬದುಕಿರುವವರೆಗೆ ನಾವಿಬ್ಬರೂ ನಿಗಡಿಯಲ್ಲಿದ್ದೆವು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿ ಮುಂದೆ ಕೂತು, ಯಾವ ಭಾಷೆಯದಾದರೂ ಸರಿ, ಒಂದು ಸಿನಿಮಾ ಹಚ್ಚುತ್ತಿದ್ದೆವು. ಬಟ್ಟೆ, ಒಡವೆ, ಅಡುಗೆಮನೆ ಅವಳ ಪಾಲಿಗೆ. ಗಡಿಯಾರ, ಗಾಡಿ, ಬಾಗಿಲುಗಳು ನನ್ನ ಪಾಲಿಗೆ. ಅವಳು ಹೋದ ಮೇಲೆ ಆ ಮನೆ ಬಿಟ್ಟು, ಆಫೀಸಿಗೆ ಹತ್ತಿರವೆಂದು ವಾಕಡದಲ್ಲಿ ಒಂದು ಸಣ್ಣ ಫ್ಲ್ಯಾಟು ಹಿಡಿದೆ. ಟಿವಿಯನ್ನು ತಂದು ಗೋಡೆಗೆ ಹಾಕಿಸಿದೆ. ಹಚ್ಚುವುದು ಕಡಿಮೆಯಾಯಿತು.

ಆಗ ಆಫೀಸಿನ ಏಳೆಂಟು ಜನ ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಒಟ್ಟಿಗೆ ಸಿನಿಮಾಕ್ಕೆ ಹೋಗುತ್ತಿದ್ದೆವು. ಮೊದಮೊದಲು ನನ್ನ ಚಟ ಅವರಿಗೆ ಮೋಜೆನಿಸುತ್ತಿತ್ತು. ಇಂಟರ್ವಲ್ಲಿನಲ್ಲಿ ನನ್ನ ಸುತ್ತ ನಿಂತು, "ಹೇಳಿ, ಇವತ್ತೆಷ್ಟು ಸಿಕ್ಕವು?" ಅನ್ನುತ್ತಿದ್ದರು. ನಾನು ಒಂದೊಂದಾಗಿ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ನಾಯಕನ ಎಡ ಹುಬ್ಬಿನ ಮೇಲಿದ್ದ ಪಟ್ಟಿ ಕೋರ್ಟಿನಲ್ಲಿ ಬಲ ಹುಬ್ಬಿಗೆ ಬಂದಿದೆ. ಠಾಣೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ತಿಂಗಳು, ಕಿಟಕಿಯಾಚೆ ಮಾವಿನ ಮರದ ತುಂಬ ಹೂವು. ಪುಣೆಯಿಂದ ಮುಂಬೈಗೆ ಹೊರಟ ರೈಲಿನ ಹೊರಗೆ ಮೈಲುಗಟ್ಟಲೆ ತೆಂಗಿನ ತೋಟ, ಘಾಟಿನ ಒಂದು ಸುರಂಗವೂ ಇಲ್ಲ. ಎಲ್ಲರೂ ನಗುತ್ತಿದ್ದರು. ನಗು ಯಾವಾಗ ಕಡಿಮೆಯಾಯಿತೋ ನನಗೆ ಗೊತ್ತಾಗಲಿಲ್ಲ. ಪರದೆಯ ಮೇಲಿನ ಅಂಗಿಯ ಗುಂಡಿ ಬದಲಾದದ್ದು ಕಾಣುತ್ತಿದ್ದ ನನಗೆ ಪಕ್ಕದವರ ಮುಖ ಬದಲಾದದ್ದು ಕಾಣಲಿಲ್ಲ.

ಒಮ್ಮೆ ಒಂದು ಸಿನಿಮಾದಲ್ಲಿ ತಂದೆ ಸತ್ತು ಮಲಗಿದ್ದ. ನನ್ನ ಪಕ್ಕ ಕೂತಿದ್ದ ಮೈಸೂರಿನ ಹುಡುಗಿ ಕರವಸ್ತ್ರ ಹಿಡಿದು ಅಳುತ್ತಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿ, "ಹೊಟ್ಟೆ ನೋಡು, ಉಸಿರಾಡ್ತಾ ಇದೆ" ಅಂದೆ.

ಅವಳು ನನ್ನ ಕಡೆ ತಿರುಗದೆ, "ಮೇಡಂ, ಪ್ಲೀಸ್, ಅಳಕ್ಕಾದ್ರೂ ಬಿಡಿ" ಅಂದಳು.

ಅದಾಗಿ ಕೆಲವು ತಿಂಗಳ ಮೇಲೆ, ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಇಬ್ಬರು ಯಾವುದೋ ದೃಶ್ಯ ನೆನೆಸಿಕೊಂಡು ನಗುತ್ತಿದ್ದರು. ಸಿನಿಮಾ ಬಿಡುಗಡೆಯಾಗಿ ನಾಲ್ಕೇ ದಿನವಾಗಿತ್ತು. "ಯಾವಾಗ ನೋಡಿದ್ರಿ?" ಎಂದು ಕೇಳಿದೆ. ಇಬ್ಬರೂ ತಟ್ಟೆ ನೋಡಿದರು. "ಸಡನ್ನಾಗಿ ಪ್ಲ್ಯಾನ್ ಆಯ್ತು ಮೇಡಂ" ಅಂದಳು ಅದೇ ಹುಡುಗಿ. ಮೇಜಿನ ಮೇಲಿದ್ದ ಅವಳ ಫೋನಿನಲ್ಲಿ ಆಗಲೇ ಒಂದು ಸಂದೇಶ ಬಂತು. ನಮ್ಮ ವಾಟ್ಸಾಪ್ ಸಿನಿಮಾ ಗುಂಪಿನ ಹೆಸರೇ ಇತ್ತು, ಪಕ್ಕದಲ್ಲಿ ಎರಡು ಎಂಬ ಅಂಕಿ. ನಾನಿಲ್ಲದ ಹೊಸ ಗುಂಪು. ನನ್ನ ಜಾಗಕ್ಕೆ ಬಂದು ಹಳೆಯ ಗುಂಪು ತೆಗೆದು ನೋಡಿದೆ. ಅದರಲ್ಲಿ ಕೊನೆಯ ಸಂದೇಶ ನನ್ನದೇ. ಹಿಂದಿನ ಸಲ ನೋಡಿದ ಸಿನಿಮಾದ ತಪ್ಪುಗಳನ್ನು ಸಾಲಾಗಿ ಬರೆದು ಹಾಕಿದ್ದೆ. ಅದರ ಕೆಳಗೆ ಯಾರೂ ಏನೂ ಬರೆದಿರಲಿಲ್ಲ.

ಯಾರನ್ನೂ ಕೇಳಲಿಲ್ಲ, ಜಗಳ ಮಾಡಲಿಲ್ಲ. ಭಾನುವಾರ ಬೆಳಗಿನ ಆಟಕ್ಕೆ ಒಬ್ಬಳೇ ಹೋಗತೊಡಗಿದೆ.

ಆ ಹೊತ್ತಿಗೆ ನಮ್ಮ ಮಾಲಿನ ಥಿಯೇಟರಿನಲ್ಲಿ ಹೆಚ್ಚೆಂದರೆ ಹದಿನೈದು ಜನ. ಹಿಂದಿನಿಂದ ಮೂರನೆಯ ಸಾಲಿನ ಮೂಲೆಯ ಕುರ್ಚಿ ನನ್ನದು. ತಪ್ಪು ಕಂಡರೆ ಹೇಳಲು ಯಾರೂ ಇಲ್ಲದ್ದರಿಂದ, ಮರೆತುಹೋಗದಿರಲೆಂದು ಬೆರಳು ಮಡಚಿ ಎಣಿಸುತ್ತಿದ್ದೆ. ಸಿನಿಮಾ ಮುಗಿದ ಮೇಲೂ, ಹೆಸರುಗಳೆಲ್ಲ ಉರುಳಿ ಪರದೆ ಖಾಲಿಯಾಗುವವರೆಗೆ ಕೂತಿರುತ್ತಿದ್ದೆ. ಮನೆಗೆ ಹೋಗಿ ಮಾಡಬೇಕಾದ್ದೇನೂ ಇರಲಿಲ್ಲ.

ಒಂದು ಭಾನುವಾರ ಹಾಗೆ ಕೂತಿದ್ದಾಗ ಪಕ್ಕದ ಬಾಗಿಲಿನಿಂದ ಗುಡಿಸುವ ಹೆಂಗಸರಿಬ್ಬರು ಒಳಗೆ ಬಂದರು. ಒಬ್ಬಳು ನನ್ನ ಸಾಲಿನ ತುದಿಯಲ್ಲಿ ಕಸಬರಿಗೆ ಊರಿ ನಿಂತು, ಮರಾಠಿಯಲ್ಲಿ, "ಮ್ಯಾಡಮ್, ಪಿಕ್ಚರ್ ಸಂಪಲಾ" ಅಂದಳು. ನಾನು ತಲೆಯಾಡಿಸಿ ಹೆಸರು ಓದುತ್ತಲೇ ಇದ್ದೆ. ಅವಳು ಜೊತೆಯವಳ ಕಡೆ ತಿರುಗಿ, "ಮುಗೀತಂದ್ರೂ ಈಕಿ ಏಳವಲ್ಲಳಲ್ಲವಾ" ಅಂದಳು.

"ಏಳತೀನಿ, ಇನ್ನೊಂದೀಟ ಹೆಸರು ಉಳದಾವ" ಅಂದೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯs, ಕನ್ನಡದವ್ರೇನ್ರಿ! ತಪ್ಪಾತ್ರಿ ಅಕ್ಕಾರ."

ಯಾದಗಿರಿ ಕಡೆಯವಳು. ನನಗಿಂತ ಏಳೆಂಟು ವರ್ಷ ಚಿಕ್ಕವಳಿರಬೇಕು. ಗಂಡ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅವಳೂ ಮೊದಲು ಅವನ ಜೊತೆ ಇಟ್ಟಿಗೆ ಹೊರುತ್ತಿದ್ದಳು. ಸೊಂಟ ನೋವು ಹತ್ತಿದ ಮೇಲೆ ಒಬ್ಬ ಗುತ್ತಿಗೆದಾರ ಅವಳನ್ನು ಇಲ್ಲಿ ಗುಡಿಸುವ ಕೆಲಸಕ್ಕೆ ಹಾಕಿದ್ದ. ಇದೆಲ್ಲ ಮುಂದಿನ ವಾರಗಳಲ್ಲಿ ಗೊತ್ತಾಯಿತು. ಬೆಳಗಿನ ಆಟದ ಕಸ ತೆಗೆದ ಮೇಲೆ ಅವಳಿಗೆ ಸ್ವಲ್ಪ ಬಿಡುವು. ಹಿಂಬದಿಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಳು. ಒಂದು ದಿನ ನಾನು ಆ ಕಡೆಯಿಂದ ಇಳಿಯುತ್ತಿದ್ದೆ. "ಕೂಡ್ರಿ ಅಕ್ಕಾರ, ಶೇಂಗಾ ಹಿಂಡಿ ಅದ" ಎಂದು ಕರೆದಳು. ಕೂತೆ.

"ನೀವು ದಿನಾ ಇಷ್ಟೊಂದು ಸಿನಿಮಾ ನಡಿಯೋವಲ್ಲಿ ಇರ್ತೀರಿ. ಎಲ್ಲಾ ನೋಡ್ತೀರೇನು?" ಎಂದು ಕೇಳಿದೆ.

"ನನಗ ನೀವು ಅನಬ್ಯಾಡ್ರಿ, ನೀ ಅನ್ರಿ. ಎಲ್ಲಿ ನೋಡೋದ್ರಿ? ಮುಗಿಯಾಕ ಹತ್ತು ನಿಮಿಷ ಇದ್ದಾಗ ಬಾಗಲದಾಗ ನಿಂದ್ರಬೇಕು. ಮಂದಿ ಎದ್ದ ಕೂಡ್ಲೆ ಒಳಗ ಹೋಗಬೇಕು. ಆ ಹತ್ತು ನಿಮಿಷ ನೋಡ್ತೀನಿ. ಎರಡು ವರ್ಷದಾಗ ಎಷ್ಟ ಪಿಕ್ಚರ್ ಬಂದಾವ, ಎಲ್ಲಾದರ ಕೊನಿ ನನಗ ಗೊತ್ತದ. ಒಂದರದೂ ಶುರು ಗೊತ್ತಿಲ್ಲ."

ರೊಟ್ಟಿ ಮುರಿದು ನನ್ನ ಕೈಗಿಟ್ಟು ಕೇಳಿದಳು. "ಇವತ್ತಿಂದು ಹೇಳ್ರಿ. ಆ ಮುದುಕ ಬಂದು ಆ ಹುಡುಗಿ ಕಾಲಿಗೆ ಯಾಕ ಬಿದ್ದ?"

ಹೇಳಿದೆ. ಊರು, ಮನೆ, ಮುದುಕ ಮಾಡಿದ ಮೋಸ, ಹುಡುಗಿ ಓಡಿಹೋದದ್ದು. ಹೇಳುತ್ತ ಹೇಳುತ್ತ, ನಡುವೆ ನಾನು ಹಿಡಿದ ತಪ್ಪುಗಳೂ ಬಾಯಿಗೆ ಬಂದುಬಿಟ್ಟವು. ಮಳೆಯಲ್ಲಿ ತೊಯ್ದು ಬಸ್ಸು ಹತ್ತಿದವಳು ಇಳಿಯುವಾಗ ಕೂದಲು ಒಣಗಿತ್ತು ಅಂದೆ. ಅಂದವಳೇ ನಿಲ್ಲಿಸಿದೆ. ಅವಳು ಬೇಸರಪಟ್ಟುಕೊಳ್ಳಲಿಲ್ಲ. ರೊಟ್ಟಿ ಜಗಿಯುವುದು ಬಿಟ್ಟು ಯೋಚನೆ ಮಾಡಿ, "ಬಸ್ಸು ದೂರದ್ದಿದ್ರ ಒಣಗಬಹುದ್ರಿ. ಸೀರಿ?" ಎಂದು ಕೇಳಿದಳು.

"ಸೀರೀನೂ ಒಣಗಿತ್ತು."

"ಮತ್ತ ಸುಳ್ಳ ಅದು. ಸೀರಿ ಒಳಗಿನ ಪದರ ಅಷ್ಟ್ ಲಗೂ ಒಣಗಂಗಿಲ್ಲ."

ಅಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಹಗುರಾಗಿತ್ತು. ಅವ್ವ ಹೋದ ಐದು ವರ್ಷದಲ್ಲಿ ಯಾರೂ ನನ್ನನ್ನು "ಸೀರಿ?" ಎಂದು ಕೇಳಿರಲಿಲ್ಲ.

ಹೀಗೆ ಭಾನುವಾರಗಳು ನಡೆದವು. ನಾನು ಶುರುವಿನಿಂದ ಹೇಳುತ್ತ ಬರುತ್ತಿದ್ದೆ. ಕೊನೆಯ ಹತ್ತು ನಿಮಿಷಕ್ಕೆ ಬಂದಾಗ ಅವಳು, "ಇನ್ನ ಬಿಡ್ರಿ, ಮುಂದಿಂದು ನನಗ ಗೊತ್ತು" ಎಂದು ತಾನೇ ಹೇಳಿ ಮುಗಿಸುತ್ತಿದ್ದಳು. ನನಗೆ ಕಾಣದ ತಪ್ಪುಗಳು ಅವಳಿಗೆ ಕಾಣುತ್ತಿದ್ದವು. ಒಂದು ಸಿನಿಮಾದ ಕೊನೆಯಲ್ಲಿ ನಾಯಕಿ ಕಟ್ಟಡದಲ್ಲಿ ಕೂಲಿ ಮಾಡುತ್ತ ಮಗನನ್ನು ಸಾಕುವುದಿತ್ತು. ನಾನು ಆ ನಟಿಯ ಅಭಿನಯ ಹೊಗಳಿದೆ. ಅವಳು ಫಕ್ಕನೆ ನಕ್ಕುಬಿಟ್ಟಳು.

"ಆಕಿ ತಲಿ ಮ್ಯಾಲಿನ ಪುಟ್ಟ್ಯಾಗ ಏನೂ ಇಲ್ರಿ ಅಕ್ಕಾರ. ಖಾಲಿ ಪುಟ್ಟಿ. ಕುತ್ತಿಗಿ ನೋಡಿದ್ರ ಗೊತ್ತಾಗ್ತದ. ತಲಿ ಮ್ಯಾಲ ಸಿಂಬಿನೂ ಇಟ್ಟಿಲ್ಲ. ಖರೇ ಸಿಮೆಂಟ್ ಇದ್ರ ಆಕಿ ಅಷ್ಟ ಮಾತಾಡ್ತಿದ್ದಳೇನು? ಉಸರs ಬರಂಗಿಲ್ಲ." ಎದ್ದು ನಿಂತು, ಬುತ್ತಿಯ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು, ಭಾರ ಹೊತ್ತವರು ಮೆಟ್ಟಿಲು ಹತ್ತುವಾಗ ಮೊಣಕಾಲು ಹೇಗೆ ಮಡಚುತ್ತಾರೆಂದು ನನಗೆ ಮಾಡಿ ತೋರಿಸಿದಳು.

ಇನ್ನೊಂದು ಸಲ, "ಕೊನಿಗೆ ಎಲ್ಲಾರೂ ಓಡತಾರ ನೋಡ್ರಿ. ಸ್ಟೇಷನ್‌ಗೆ ಓಡತಾರ, ವಿಮಾನದ ಕಡಿಗೆ ಓಡತಾರ. ಯಾರೂ ಎಡವಂಗಿಲ್ಲ, ಚಪ್ಪಲಿ ಹರಿಯಂಗಿಲ್ಲ" ಅಂದಳು.

ನಾನು ಅವಳಿಗೆ ಹೇಳಿದ್ದು ಬರೀ ಸಿನಿಮಾದ ಕತೆಯಲ್ಲ. ಮೊದಲ ದಿನವೇ ಅವಳು, "ಮನಿಯವ್ರು ಬಂದಿಲ್ಲೇನ್ರಿ?" ಎಂದು ಕೇಳಿದ್ದಳು. ನಾನು ಮದುವೆಯಾದವಳಲ್ಲ. ವಾಕಡದಲ್ಲಿ ಮನೆ ಹುಡುಕುವಾಗ ಒಂಟಿ ಹೆಂಗಸು ಎಂದರೆ ಎರಡೆರಡು ಸಲ ವಿಚಾರಿಸುತ್ತಿದ್ದರು. ಗಂಡ ಹೊರಗಡೆ ಇದ್ದಾನೆ ಎಂದು ಹೇಳುವ ಅಭ್ಯಾಸ ಅಲ್ಲಿಂದ ಅಂಟಿಕೊಂಡಿತ್ತು. ಮೆಟ್ಟಿಲ ಮೇಲೆ ಕೂತಾಗಲೂ ಅದೇ ಬಾಯಿಗೆ ಬಂತು. ಹಡಗಿನಲ್ಲಿ ಕೆಲಸ ಅಂದೆ. ಅವಳು "ಹೌದ್ರಿ?" ಎಂದು ಕಣ್ಣರಳಿಸಿದ್ದಳು. ಆಮೇಲೆ ಯಾವಾಗಲೋ ಮಾತಿಗೆ ಮಾತು ಸೇರಿ ಇನ್ನೇನೇನೋ ಹೇಳಿರಬೇಕು. ಹೇಳಿದ್ದನ್ನೆಲ್ಲ ನಾನು ನೆನಪಿಟ್ಟುಕೊಂಡಿರಲಿಲ್ಲ. ಅವಳು ಇಟ್ಟುಕೊಂಡಿದ್ದಳು.

ಬೇಸಿಗೆ ಶುರುವಾಗಿತ್ತು. ಒಂದು ಭಾನುವಾರ ಸಿನಿಮಾದ ಕತೆ ಮುಗಿದ ಮೇಲೆ ಅವಳು ಡಬ್ಬಿ ತೊಳೆದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಕೈ ಒರೆಸಿಕೊಳ್ಳುತ್ತ, "ಒಂದು ಮಾತು ಕೇಳ್ತೀನ್ರಿ. ಸಿಟ್ಟಾಗಬಾರದು" ಅಂದಳು.

"ಕೇಳು."

"ದೀಪಾವಳಿ ಮುಂದ ನಿಮ್ಮ ಮನಿಯವ್ರು ಹಡಗದಾಗ ಅದಾರ ಅಂದ್ರಿ. ಸಂಕ್ರಾಂತಿಗೆ ಎಳ್ಳು ಕೊಟ್ಟಾಗ ದುಬೈದಾಗ ಆಫೀಸ್ ಅದ ಅಂದ್ರಿ. ಹಡಗs ದುಬೈಗೆ ಹೋಗಿ ಅಲ್ಲೇ ನಿಂತಿರಬೇಕು ಅಂತ ನಾನs ಹೊಂದಸ್ಕೊಂಡೆ. ಹ್ವಾದ ವಾರ ಧಾರವಾಡದಾಗ ಅದಾರ, ಹೊಲ ನೋಡ್ಕೋತಾರ ಅಂದ್ರಿ." ನನ್ನ ಮುಖ ನೋಡಿದಳು. "ಧಾರವಾಡಕ್ಕ ಹಡಗ ಹ್ಯಾಂಗ ಬಂತ್ರಿ ಅಕ್ಕಾರ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಮುದುಕ ಯಾಕೆ ಕಾಲಿಗೆ ಬಿದ್ದ ಎಂದು ಕೇಳಿದ್ದಳಲ್ಲ, ಅದೇ ದನಿ. ನನ್ನ ಕಿವಿ ಬಿಸಿಯಾಯಿತು. ಕೆಳಗಿನ ಮೆಟ್ಟಿಲಿನಲ್ಲಿ ಯಾರೋ ನೀರಿನ ಡ್ರಮ್ಮು ಎಳೆಯುತ್ತಿದ್ದ ಸದ್ದು ಕೇಳುತ್ತಿತ್ತು.

"ಯಾರೂ ಇಲ್ಲ" ಅಂದೆ ಕೊನೆಗೆ. "ಮದಿವಿನs ಆಗಿಲ್ಲ. ಅವ್ವ ಇದ್ಲು, ಹೋದಳು."

"ಮತ್ತ ಇಲ್ಲಂದ್ರ ಇಲ್ಲ ಅನ್ರಿ. ಅದರಾಗೇನದ?" ಅಂದಳು. ಡಬ್ಬಿ ಚೀಲಕ್ಕೆ ಹಾಕುತ್ತ, "ನಾನೂ ಊರಾಗ ಸಿನಿಮಾ ಟಾಕೀಜದಾಗ ಟಿಕೀಟು ಹರೀತೀನಿ ಅಂತ ಹೇಳೀನ್ರಿ. ಕಸಬರಿಗಿ ಅಂದಿಲ್ಲ" ಎಂದಳು. ಹೊತ್ತಾಯಿತೆಂದು ಎದ್ದು ಹೋದಳು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಒಬ್ಬಳಿಗಾಗುವಷ್ಟು ಅಕ್ಕಿ ಇಟ್ಟು, ಟಿವಿ ಹಚ್ಚಿ, ಐದೇ ನಿಮಿಷದಲ್ಲಿ ಒಂದು ತಪ್ಪು ಕಂಡೆ. ಕುಕ್ಕರು ಕೂಗಿತು. ಟಿವಿ ಆರಿಸಿದೆ. ಮೂರನೆಯ ಭಾನುವಾರ ಹೋದಾಗ ಅವಳು ಬಾಗಿಲಲ್ಲೇ, "ಎರಡು ಪಿಕ್ಚರ್ ಹ್ವಾದವಲ್ರಿ ನಮ್ಮವು. ಅವುರ ಕತಿ ಯಾರು ಹೇಳ್ಬೇಕು?" ಎಂದಳು.

ಅಂದೇ ನಾನು ಅವಳಿಗೆ, ಒಂದು ಸಿನಿಮಾವನ್ನಾದರೂ ಶುರುವಿನಿಂದ ಕೊನೆಯವರೆಗೆ ಜೊತೆಯಲ್ಲಿ ಕೂತು ನೋಡೋಣ ಅಂದೆ. ಅವಳಿಗೆ ಮಂಗಳವಾರ ರಜೆ. "ಇಲ್ಲಿ ಬ್ಯಾಡ್ರಿ, ಇಲ್ಲಿ ಕುರ್ಚಿದಾಗ ಕುಂತ್ರ ನನಗs ಹ್ಯಾಂಗೋ ಆಗ್ತದ" ಅಂದಳು. ಚಿಂಚವಡದ ಕಡೆ ಬೇರೊಂದು ಥಿಯೇಟರಿನಲ್ಲಿ ಟಿಕೆಟು ತೆಗೆದೆ. ಆಫೀಸಿಗೆ ಮೈಯಲ್ಲಿ ಹುಷಾರಿಲ್ಲವೆಂದು ತಿಳಿಸಿದೆ.

ಮಂಗಳವಾರ ಅವಳು ಬಸ್‌ಸ್ಟಾಪಿನಲ್ಲಿ ನಿಂತಿದ್ದಳು. ಹಸಿರು ಸೀರೆ, ತಲೆಯಲ್ಲಿ ಅಬ್ಬಲಿಗೆ. ಸಮವಸ್ತ್ರದ ನೀಲಿ ಕೋಟಿಲ್ಲದ ಅವಳನ್ನು ನಾನು ಒಂದು ಕ್ಷಣ ಗುರುತು ಹಿಡಿಯಲಿಲ್ಲ. ಥಿಯೇಟರಿನೊಳಗೆ ಹೋದಾಗ ಅವಳು ಪರದೆ ನೋಡಲಿಲ್ಲ, ಮೊದಲು ನೆಲ ನೋಡಿದಳು. ಬಗ್ಗಿ ಕುರ್ಚಿಗಳ ಕೆಳಗೆ ಕಣ್ಣಾಡಿಸಿ, "ನಡುವ ಚೊಲೊ ಗುಡಿಸ್ಯಾರ. ಮೂಲಿ ಬಿಟ್ಟಾರ" ಎಂದಳು. ಕುರ್ಚಿಯ ತುದಿಯಲ್ಲಿ ಕೂತಳು. ನಾನು ಗುಂಡಿ ಒತ್ತಿ ಕಾಲು ನೀಡುವುದು ಹೇಗೆಂದು ತೋರಿಸಿದೆ. ಕಾಲು ಮೇಲೆದ್ದಾಗ ಹೌಹಾರಿ ನನ್ನ ಕೈ ಹಿಡಿದು, ನಕ್ಕು, ನಿಧಾನಕ್ಕೆ ಹಿಂದಕ್ಕೆ ಒರಗಿದಳು.

ಜಾಹೀರಾತುಗಳನ್ನೆಲ್ಲ ಬಿಡದೆ ನೋಡಿದಳು. ಸಿನಿಮಾದ ಹೆಸರು ಬಂದಾಗ ನನ್ನ ತೋಳು ತಟ್ಟಿದಳು. "ಈ ಸಲ ನೀವು ಏನೂ ಹೇಳಬ್ಯಾಡ್ರಿ. ನಾನs ನೋಡ್ತೀನಿ."

ಇಪ್ಪತ್ತು ನಿಮಿಷ ನೋಡಿದಳೇನೋ. ನಾಯಕ ಊರಿಗೆ ಬಂದು ತಂದೆಯ ಜೊತೆ ಜಗಳ ತೆಗೆಯುವ ಹೊತ್ತಿಗೆ ಅವಳ ತಲೆ ನನ್ನ ಭುಜದ ಮೇಲಿತ್ತು. ಅವರು ವಾಸವಿದ್ದ ಶೆಡ್ಡಿನಲ್ಲಿ ನೀರು ಬರುವುದು ನಸುಕಿನ ನಾಲ್ಕಕ್ಕೆ ಎಂದು ಹಿಂದೊಮ್ಮೆ ಹೇಳಿದ್ದಳು. ಎ.ಸಿ.ಯ ತಂಪು, ಮೆತ್ತನೆಯ ಕುರ್ಚಿ, ಕತ್ತಲು. ಎಬ್ಬಿಸಬೇಕೆನಿಸಿತು, ಎಬ್ಬಿಸಲಿಲ್ಲ. ಇಂಟರ್ವಲ್ಲಿಗೆ ದೀಪ ಬಂದರೂ ಅವಳಿಗೆ ಎಚ್ಚರವಾಗಲಿಲ್ಲ. ನಾನು ಅಲುಗಾಡದೆ ಕೂತೆ. ಭುಜ ಮರಗಟ್ಟಿತು. ಅವಳ ಕೂದಲಿನಿಂದ ಕೊಬ್ಬರಿ ಎಣ್ಣೆಯ, ಅಬ್ಬಲಿಗೆಯ ವಾಸನೆ ಬರುತ್ತಿತ್ತು. ಅವ್ವ ಹೋದ ಮೇಲೆ ಯಾರೂ ನನ್ನ ಮೈಗೆ ಇಷ್ಟು ಹತ್ತಿರ ಕೂತಿರಲಿಲ್ಲ.

ಎರಡನೆಯ ಅರ್ಧದಲ್ಲಿ ತಂದೆ ಸಿಟ್ಟಿನಿಂದ ಕನ್ನಡಕ ನೆಲಕ್ಕೆ ಬಡಿದ. ಗಾಜು ಚೂರಾಯಿತು. ಮರುಕ್ಷಣ ಅದೇ ಕನ್ನಡಕ, ಇಡಿಯಾಗಿ, ಅವನ ಮೂಗಿನ ಮೇಲಿತ್ತು. ನಾನು ಕಂಡ ತಪ್ಪುಗಳಲ್ಲೇ ದೊಡ್ಡದು. ನನ್ನ ಕೈ ತಾನಾಗಿ ಅವಳ ಕಡೆ ಹೋಯಿತು, ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡೆ.

ಸಿನಿಮಾ ಮುಗಿಯಲು ಇನ್ನು ಹತ್ತು ನಿಮಿಷ ಇರುವಾಗ, ಯಾರೂ ಎಬ್ಬಿಸದೆ, ಅವಳು ತಟ್ಟನೆ ಎದ್ದು ಕೂತಳು. ಕೈ ಕುರ್ಚಿಯ ಪಕ್ಕದಲ್ಲಿ ತಡಕಾಡಿತು. ಕಸಬರಿಗೆ ಹುಡುಕುತ್ತಿದ್ದಳು. ಆಮೇಲೆ ಎಲ್ಲಿದ್ದೇನೆಂದು ತಿಳಿದು, ಪರದೆ ನೋಡಿ, ನನ್ನನ್ನು ನೋಡಿ, "ಅಯ್ಯ, ಮುಗಿಯಾಕ ಬಂತೇನ್ರಿ?" ಎಂದಳು. ದನಿ ಅಳುವಂತಿತ್ತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀವು ರಜಾ ಹಾಕಿ ಕರಕೊಂಡು ಬಂದ್ರಿ, ನಾ ನಿದ್ದಿ ಹೊಡದೆ" ಎಂದಳು. ನಾನು ಇರಲಿ ಬಿಡು ಅಂದೆ.

"ಮತ್ತ ಹೇಳ್ರಿ. ಅಪ್ಪನ ಸಂಗಾಟ ಜಗಳ ಆತು. ಆಮ್ಯಾಲೆ?"

ಹೇಳಲು ಬಾಯಿ ತೆರೆದೆ. ಕನ್ನಡಕ ಒಂದು ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ. ಎರಡು ಗಂಟೆ ನಾನು ನೋಡಿದ್ದು ನನ್ನ ಭುಜವನ್ನೇ, ಅವಳಿಗೆ ಎಚ್ಚರವಾದೀತೆಂಬ ಭಯದಲ್ಲಿ. ಏನೋ ಕಟ್ಟಿ ಹೇಳಿದೆ. ನಾಯಕ ಮನೆ ಬಿಟ್ಟ, ಮುಂಬೈಗೆ ಹೋದ, ಅಲ್ಲಿ ಹುಡುಗಿ ಸಿಕ್ಕಳು, ತಂದೆಗೆ ಕಾಯಿಲೆಯಾಯಿತು. ಅವಳು ತಲೆ ಓರೆ ಮಾಡಿ ಕೇಳಿಸಿಕೊಂಡಳು.

"ಅಪ್ಪಗ ಬ್ಯಾನಿ ಆಗಿದ್ರ ಕೊನಿಗೆ ಮಗನ ಲಗ್ನದಾಗ ಅಷ್ಟ್ ಜೋರು ಹ್ಯಾಂಗ ಕುಣದ?" ಎಂದಳು. ನನ್ನ ಮುಖ ನೋಡಿ, "ಅಕ್ಕಾರ, ನೀವೂ ನಿದ್ದಿ ಮಾಡಿದ್ರೇನು?" ಎಂದು ಕೇಳಿದಳು.

ನಾವಿಬ್ಬರೂ ಬಸ್‌ಸ್ಟಾಪಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದಲ್ಲಿ ನಿಂತಿದ್ದವರು ಸರಿದು ಜಾಗ ಬಿಟ್ಟರು.

ಅದಾಗಿ ಐದಾರು ಭಾನುವಾರ ಅವಳಿದ್ದಳು. ಮಳೆಗಾಲ ಹಿಡಿದ ಮೇಲೆ ಒಂದು ದಿನ ಸಿನಿಮಾ ಮುಗಿದಾಗ ಪಕ್ಕದ ಬಾಗಿಲಿನಿಂದ ಹೊಸಬರು ಒಳಗೆ ಬಂದರು. ಎಲ್ಲರೂ ಗಂಡಸರು, ಸಮವಸ್ತ್ರದ ಬಣ್ಣವೂ ಬೇರೆ. ಮೇಲ್ವಿಚಾರಕನನ್ನು ಮರಾಠಿಯಲ್ಲಿ ವಿಚಾರಿಸಿದೆ. ಗುತ್ತಿಗೆ ಬದಲಾಗಿದೆ, ಹಳೆಯ ಜನರೆಲ್ಲ ಹೋದರು ಅಂದ. ಎಲ್ಲಿಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಕಾರಣವೂ ಇರಲಿಲ್ಲ.

ಅವಳ ಗಂಡನ ಫೋನ್ ನಂಬರು ನನ್ನ ಹತ್ತಿರ ಇತ್ತು. ಅವಳಿಗೆ ಬೇರೆ ಫೋನಿರಲಿಲ್ಲ. ಸಂಜೆ ಹಚ್ಚಿದೆ. ಅವನು ಮರ್ಯಾದೆಯಿಂದ ಮಾತಾಡಿದ. "ಹೌದ್ರಿ, ನಿಮ್ಮ ಸುದ್ದಿ ಹೇಳ್ತಿರ್ತಾಳ್ರಿ. ದೌಂಡ್ ಹತ್ರ ಕುರಕುಂಭಕ್ಕ ಬಂದೀವ್ರಿ, ಇಲ್ಲಿ ಹೊಸಾ ಫ್ಯಾಕ್ಟರಿ ಶೆಡ್ ಏಳ್ಲಿಕತ್ತದ" ಎಂದು ಹೇಳಿ ಅವಳಿಗೆ ಕೊಟ್ಟ.

"ಅಕ್ಕಾರ! ಹೇಳದs ಬಂದೆ. ಒಂದs ದಿನದಾಗ ಹೊಂಟ್ವಿ" ಅಂದಳು. ಹಿಂದೆ ಕಾಂಕ್ರೀಟ್ ಮಿಕ್ಸರಿನ ಗದ್ದಲವಿತ್ತು. ಮತ್ತೆ ಇಟ್ಟಿಗೆ ಹೊರುತ್ತಿದ್ದೇನೆ ಎಂದಳು. ಸೊಂಟ ಹೇಗಿದೆ ಎಂದು ಕೇಳಿದ್ದಕ್ಕೆ, "ಅದ ರೀ" ಎಂದಷ್ಟೇ ಹೇಳಿದಳು. "ಇಲ್ಲಿ ಗಾಳ್ಯಾಗ ಔಷಧ ವಾಸನಿ ಭಾಳ ಅದ. ಟಾಕೀಜು ಇಲ್ಲ. ಇವತ್ತಿಂದು ಯಾವ ಪಿಕ್ಚರ್ರೀ?"

ಹೇಳತೊಡಗಿದೆ. ಇಂಟರ್ವಲ್ಲಿನವರೆಗೆ ಬಂದಿದ್ದೆ. ಯಾರೋ ಅವಳನ್ನು ಕೂಗಿದರು. "ತಡೀರಿ, ಉಳದದ್ದು ಆಮ್ಯಾಲ ಹೇಳ್ರಿ" ಎಂದು ಫೋನಿಟ್ಟಳು. ಮುಂದಿನ ವಾರ ಹಚ್ಚಿದಾಗ ಫೋನು ಬಂದ್ ಆಗಿತ್ತು. ಅದರ ಮುಂದಿನ ವಾರವೂ ಹಾಗೇ.

ಒಂದು ಶನಿವಾರ ಬೆಳಿಗ್ಗೆ ದೌಂಡ್ ಕಡೆ ಹೋಗುವ ಬಸ್ಸು ಹತ್ತಿದೆ. ಹತ್ತುವಾಗ ಯೋಚನೆಯೇನೂ ಮಾಡಿರಲಿಲ್ಲ. ಕುರಕುಂಭದಲ್ಲಿ ಇಳಿದಾಗ ಗಾಳಿ ಅವಳು ಹೇಳಿದಂತೆಯೇ ಇತ್ತು, ಗಂಟಲು ಕೆರೆಯುತ್ತಿತ್ತು. ಉದ್ದಾನುದ್ದ ಕಾಂಪೌಂಡುಗಳು, ಗೇಟುಗಳು, ಟ್ಯಾಂಕರುಗಳು. ಶೆಡ್ಡು ಏಳುತ್ತಿದ್ದ ಜಾಗಗಳನ್ನು ಕೇಳಿಕೊಂಡು ನಡೆದೆ. ಮೊದಲನೆಯದರಲ್ಲಿ ಬಿಹಾರದವರಿದ್ದರು. ಎರಡನೆಯದರಲ್ಲಿ ಕನ್ನಡ ಕೇಳಿಸಿತು. ರಾಯಚೂರು ಕಡೆಯ ನಾಲ್ಕೈದು ಹೆಂಗಸರು ತಗಡಿನ ನೆರಳಿನಲ್ಲಿ ಊಟಕ್ಕೆ ಕೂತಿದ್ದರು.

ಅವಳ ಗುರುತು ಹೇಳಿದೆ. ಯಾದಗಿರಿ, ಗಂಡ ಸೆಂಟ್ರಿಂಗ್, ಮೊದಲು ಪುಣೆಯಲ್ಲಿ ಟಾಕೀಜಿನ ಕೆಲಸ. ಅವರಲ್ಲಿ ಹಿರಿಯಳು ಎನಿಸುವವಳು, "ಆ ಗುಂಪಿನವ್ರು ಹ್ವಾದ ಅಮಾಸಿಗೇ ಹೋದ್ರಲ್ರಿ. ಬಾರಾಮತಿ ಕಡಿಗೆ ಅಂದ್ರು, ಇಲ್ಲಾಂದ್ರ ಊರಿಗೇ ಹ್ವಾದ್ರೋ ಏನೋ" ಎಂದಳು. ಕೂರಲು ಇಟ್ಟಿಗೆಗಳನ್ನು ಜೋಡಿಸಿ, ಮೇಲೆ ಒಂದು ಚೀಲ ಹಾಸಿ ಕೊಟ್ಟಳು. ಇನ್ನೊಬ್ಬಳು ಸ್ಟೀಲಿನ ಲೋಟದಲ್ಲಿ ಚಹಾ ತಂದಳು.

"ಆಕಿ ನಿಮಗ ಏನಾಗಬೇಕ್ರಿ?" ಎಂದು ಹಿರಿಯಳು ಕೇಳಿದಳು. ನನ್ನ ಬಟ್ಟೆ, ಚೀಲ, ಕೈಗಡಿಯಾರ ಎಲ್ಲ ನೋಡುತ್ತಿದ್ದಳು. "ನಿಮ್ಮ ಮನ್ಯಾಗ ಕೆಲಸಕ್ಕಿದ್ದಳೇನು?"

"ಇಲ್ರಿ. ಗೆಳತಿ" ಅಂದೆ.

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸಿಕ್ಕರೆ ಹೇಳಿ ಎಂದು ನನ್ನ ನಂಬರು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲಕ್ಕೆ ಸೇರಿಸಿದಳು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರ ಊಟದ ಹೊತ್ತು ಮುಗಿದಿತ್ತು. ಒಬ್ಬೊಬ್ಬರೇ ಎದ್ದು ತಲೆಗೆ ಬಟ್ಟೆ ಸುತ್ತಿಕೊಂಡು ಹೋದರು. ನಾನು ಲೋಟ ತೊಳೆದು ಇಟ್ಟಿಗೆಯ ಮೇಲೆ ಬೋರಲು ಹಾಕಿ, ರಸ್ತೆಗೆ ಬಂದು, ಪುಣೆಯ ಬಸ್ಸಿಗೆ ಕೈ ಮಾಡಿದೆ. ಅವಳ ಫೋನು ಇವತ್ತಿಗೂ ಬಂದಿಲ್ಲ.